ಉರಿಯಿಲ್ಲದ ಒಲೆ: ಗುಣವೆಷ್ಟು, ದೋಷವೆಷ್ಟು?

ಒಲೆಯು ಗೃಹಸ್ಥನ ಮನೆಯ ಮೂಲಸ್ಥಾನ. ದುಡಿಮೆಯ ಫಲವಾದ ಧಾನ್ಯವು ಅಲ್ಲಿ ಅನ್ನವಾಗುತ್ತದೆ. ಆ ಅನ್ನವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ. ಜಂಗಮಕ್ಕೂ ಹಸಿದು ಬಂದವರಿಗೂ ಸಂದಾಗ ದಾಸೋಹವಾಗುತ್ತದೆ. ಕಾಯಕ ಮತ್ತು ದಾಸೋಹಗಳ ನಡುವಣ ಸೇತುವೆಯೇ ಒಲೆ ಎಂದರೆ ತಪ್ಪಾಗಲಾರದು. ಆದಕಾರಣ ಮನೆಯೊಂದರಲ್ಲಿ ಒಲೆ ಬದಲಾಯಿತೆಂದರೆ ಅದನ್ನು ಹಳೆಯ ಸಾಮಾನಿನ ಬದಲು ಹೊಸ ಸಾಮಾನು ತಂದಷ್ಟೇ ಹಗುರವಾದ ಸಂಗತಿಯೆಂದು ನಾವು ಎಣಿಸುವುದಿಲ್ಲ.

ತುಮಕೂರು ಜಿಲ್ಲೆಯ ಉತ್ತರ ಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳಲ್ಲಿ, ವಿಶೇಷವಾಗಿ ಕೊರಟಗೆರೆ ತಾಲ್ಲೂಕಿನ ಕೊಳಾಲದ ಸುತ್ತಲಿನ ಹಳ್ಳಿಗಳಲ್ಲಿ, ಇಂದು ಮೂರು ಬಗೆಯ ಒಲೆಗಳು ಒಂದೇ ಮನೆಯಲ್ಲಿರುವುದನ್ನು ಕಾಣುತ್ತೇವೆ. ಹಿತ್ತಲಲ್ಲಿ ಸೌದೆಯ ಒಲೆ, ಅಡುಗೆ ಕಟ್ಟೆಯ ಮೇಲೆ ಗ್ಯಾಸ್ ಒಲೆ, ಅದರ ಪಕ್ಕದಲ್ಲಿ ಅಥವಾ ಅಟ್ಟದ ಮೇಲೆ ಪೆಟ್ಟಿಗೆಯೊಳಗೆ, ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗನೋ ಮಗಳೋ ಹಬ್ಬಕ್ಕೆ ಬರುವಾಗ ತಂದುಕೊಟ್ಟ ಇಂಡಕ್ಷನ್ ಒಲೆ. ಕೈಯಲ್ಲಿ ಎತ್ತಿಕೊಂಡು ಎಲ್ಲಿ ಬೇಕಾದರೂ ಇಡಬಹುದಾದ ಈ ಚಪ್ಪಟೆ ಹಲಗೆಯಂಥ ಒಲೆಯ ಕುರಿತು ಭಕ್ತಾದಿಗಳು ನಮ್ಮನ್ನು ಮೂರು ಪ್ರಶ್ನೆಗಳನ್ನು ಕೇಳುತ್ತಾರೆ. ಇದು ಅಪಾಯಕಾರಿಯೇ? ಇದರಿಂದ ಖರ್ಚು ಉಳಿಯುವುದೇ? ಉರಿಯಿಲ್ಲದ ಒಲೆಯಲ್ಲಿ ಬೆಂದ ಅನ್ನ ಲಿಂಗಾರ್ಪಣೆಗೆ ಸಲ್ಲುವುದೇ? ಈ ಮೂರನ್ನೂ ಕ್ರಮವಾಗಿ ವಿಚಾರಿಸೋಣ.

ಒಲೆಯೊಳಗೆ ನಡೆಯುವುದೇನು?

ವಿದ್ಯುತ್ತಿನಿಂದ ಕಾಯುವ ಹಳೆಯ ಸುರುಳಿ ಒಲೆಯನ್ನು ಅನೇಕರು ಬಲ್ಲರು. ಅದರಲ್ಲಿ ತಂತಿ ಕೆಂಪಗೆ ಕಾಯುತ್ತದೆ, ಆ ಕಾವು ಪಾತ್ರೆಗೆ ತಾಗುತ್ತದೆ. ಇಂಡಕ್ಷನ್ ಒಲೆಯ ಬಗೆಯೇ ಬೇರೆ. ಗಾಜಿನಂಥ ಹಲಗೆಯ ಕೆಳಗೆ ತಾಮ್ರದ ತಂತಿಯನ್ನು ಸುತ್ತಿ ಮಾಡಿದ ಚಕ್ರವೊಂದಿರುತ್ತದೆ. ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನಗಳನ್ನು ಹೊಂದಿದ್ದರೆ, ಒಲೆಯೊಳಗಿನ ಯಂತ್ರವು ಅದನ್ನು ಸೆಕೆಂಡಿಗೆ ೨೦,೦೦೦ಕ್ಕೂ ಮಿಗಿಲಾದ ಆವರ್ತನಗಳಿಗೆ ಏರಿಸಿ ಆ ತಾಮ್ರದ ಸುರುಳಿಗೆ ಹರಿಸುತ್ತದೆ. ಸುರುಳಿಯ ಮೇಲೆ ಕ್ಷಣಕ್ಷಣವೂ ಬದಲಾಗುವ ಅಯಸ್ಕಾಂತ ಕ್ಷೇತ್ರ ಉಂಟಾಗುತ್ತದೆ. ಅದರ ಮೇಲೆ ಕಬ್ಬಿಣದ ಪಾತ್ರೆಯನ್ನು ಇಟ್ಟಾಗ ಪಾತ್ರೆಯ ತಳದಲ್ಲಿಯೇ ವಿದ್ಯುತ್ತಿನ ಸುಳಿಗಳು ಹುಟ್ಟಿ ತಳವು ತಾನೇ ಕಾಯುತ್ತದೆ. ಬದಲಾಗುವ ಅಯಸ್ಕಾಂತ ಕ್ಷೇತ್ರದಿಂದ ವಿದ್ಯುತ್ತು ಹುಟ್ಟುವ ಈ ತತ್ತ್ವವನ್ನು ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದನು.

ಇಲ್ಲಿ ಒಲೆ ಪಾತ್ರೆಯನ್ನು ಕಾಯಿಸುವುದಿಲ್ಲ, ಪಾತ್ರೆಯೇ ಒಲೆಯಾಗುತ್ತದೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಈ ಸಾಧನದ ಗುಣದೋಷಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ.

ಗುಣಗಳು

ಮೊದಲನೆಯ ಗುಣ, ಕಾವು ವ್ಯರ್ಥವಾಗದಿರುವುದು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಕಾವಿನ ಹತ್ತನೆಯ ಒಂದು ಪಾಲು ಮಾತ್ರ, ಹೆಚ್ಚೆಂದರೆ ಅದಕ್ಕಿಂತ ತುಸು ಮಿಗಿಲಾಗಿ, ಪಾತ್ರೆಯೊಳಗೆ ಸೇರುತ್ತದೆ. ಒಳ್ಳೆಯ ಗ್ಯಾಸ್ ಒಲೆಯಲ್ಲಿ ಸುಮಾರು ಮೂರನೆಯ ಎರಡು ಪಾಲು ಸೇರುತ್ತದೆ. ಇಂಡಕ್ಷನ್ ಒಲೆಯಲ್ಲಿ ನೂರಕ್ಕೆ ೮೫ರ ಆಸುಪಾಸು ಪಾಲು ಅಡುಗೆಗೆ ಒದಗುತ್ತದೆ. ೧,೫೦೦ ವ್ಯಾಟಿನ ಒಲೆಯ ಮೇಲೆ ಒಂದು ಲೀಟರ್ ನೀರು ಕುದಿಯಲು ಸುಮಾರು ನಾಲ್ಕು ನಿಮಿಷ ಸಾಕು. ಅದಕ್ಕೆ ತಗಲುವುದು ಒಂದು ಯೂನಿಟ್ಟಿನ ಹತ್ತನೆಯ ಒಂದು ಪಾಲು.

ಎರಡನೆಯ ಗುಣ ಅದಕ್ಕಿಂತ ಹಿರಿದು. ಅಡುಗೆಮನೆಯಲ್ಲಿ ಹೊಗೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೨೦ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು ೩೨ ಲಕ್ಷ ಮಂದಿ. ಅವರಲ್ಲಿ ಐದು ವರ್ಷ ತುಂಬದ ಮಕ್ಕಳೇ ಎರಡು ಲಕ್ಷಕ್ಕೂ ಹೆಚ್ಚು. ಈ ಅಂಕಿಗಳು ದೂರದವು ಎನ್ನಿಸಬಹುದು. ಆದರೆ ನಮ್ಮ ಹಳ್ಳಿಗಳ ಹಿರಿಯ ತಾಯಂದಿರ ಕೆಮ್ಮನ್ನು ಕೇಳಿದವರಿಗೆ, ಮಳೆಗಾಲದಲ್ಲಿ ಹಸಿ ಸೌದೆಯನ್ನು ಊದಿ ಊದಿ ಕೆಂಪೇರಿದ ಅವರ ಕಣ್ಣುಗಳನ್ನು ಕಂಡವರಿಗೆ ಅವು ದೂರದವಲ್ಲ. ಅನ್ನವನ್ನು ಉಣಬಡಿಸಿದ ಕೈಗಳಿಗೆ ನಾವು ಕೊಟ್ಟ ಪ್ರತಿಫಲ ಹೊಗೆಯೇ ಆಗಿತ್ತಲ್ಲವೇ?

ಮೂರನೆಯದು, ಬೆಂಕಿಯ ಭಯ ಕಡಿಮೆ. ಉರಿಯಿಲ್ಲದ್ದರಿಂದ ಸೆರಗಿಗೆ ಬೆಂಕಿ ಹತ್ತುವ ಅವಘಡಕ್ಕೆ, ಅನಿಲ ಸೋರಿ ಸ್ಫೋಟಿಸುವ ಅನಾಹುತಕ್ಕೆ ಎಡೆಯಿಲ್ಲ. ಪಾತ್ರೆ ತೆಗೆದರೆ ಒಲೆ ತಾನೇ ನಿಲ್ಲುತ್ತದೆ. ಮರೆವಿನ ವಯಸ್ಸಿನ ಹಿರಿಯರು ಇಬ್ಬರೇ ಇರುವ ಮನೆಗಳಿಗೂ, ತುಮಕೂರು ಬೆಂಗಳೂರುಗಳಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ಮಕ್ಕಳಿಗೂ ಇದು ಸಣ್ಣ ಉಪಕಾರವಲ್ಲ. ನಡುರಾತ್ರಿಯಲ್ಲಿ ಹಸುಗೂಸಿಗೆ ಹಾಲು ಬಿಸಿ ಮಾಡಬೇಕಾದ ಬಾಣಂತಿಯ ಕೋಣೆಗೆ ಇದನ್ನು ಒಯ್ದಿಡಬಹುದು. ಒಯ್ಯಬಹುದಾದ ಒಲೆ ಎಂಬುದರ ನಿಜವಾದ ಅನುಕೂಲ ಇಂಥಲ್ಲಿ ಕಾಣುತ್ತದೆ.

ಪಾತ್ರೆಯ ತೊಡಕು, ಮುದ್ದೆಯ ತೊಡಕು

ಇನ್ನು ದೋಷಗಳನ್ನು ನೋಡೋಣ. ಪಾತ್ರೆಯೇ ಒಲೆಯಾಗುವುದರಿಂದ ಎಲ್ಲ ಪಾತ್ರೆಗಳೂ ಇದಕ್ಕೆ ಒಗ್ಗುವುದಿಲ್ಲ. ಮಣ್ಣಿನ ಗಡಿಗೆ, ಅಲ್ಯೂಮಿನಿಯಂ ಪಾತ್ರೆ, ತಾಮ್ರದ ತಪ್ಪಲೆ, ಕಂಚು ಹಿತ್ತಾಳೆಯ ಪಾತ್ರೆಗಳು ಇದರ ಮೇಲೆ ಕಾಯುವುದಿಲ್ಲ. ಕಬ್ಬಿಣದ ದೋಸೆಕಲ್ಲು, ಕಬ್ಬಿಣದ ಬಾಣಲೆ, ಅಯಸ್ಕಾಂತಕ್ಕೆ ಅಂಟುವ ತಳವುಳ್ಳ ಸ್ಟೀಲ್ ಪಾತ್ರೆಗಳು ಮಾತ್ರ ಕಾಯುತ್ತವೆ. ಸ್ಟೀಲಿನಲ್ಲಿಯೂ ಎಲ್ಲವೂ ಅಂಟುವುದಿಲ್ಲ. ಆದ್ದರಿಂದ ಒಲೆಯನ್ನು ಕೊಳ್ಳುವ ಮೊದಲು ಮಕ್ಕಳು ಆಡುವ ಅಯಸ್ಕಾಂತದ ತುಂಡೊಂದನ್ನು ತಂದು ಮನೆಯ ಪಾತ್ರೆಗಳ ತಳಕ್ಕೆ ಹಿಡಿದು ನೋಡಬೇಕು. ಗಟ್ಟಿಯಾಗಿ ಅಂಟಿದವು ಒದಗುತ್ತವೆ, ಉಳಿದವು ಒದಗುವುದಿಲ್ಲ. ತಳವು ಚಪ್ಪಟೆಯಾಗಿರಬೇಕೆಂಬುದು ಇನ್ನೊಂದು ನಿಯಮ. ಒಲೆಯ ಬೆಲೆಗೆ ಹೊಸ ಪಾತ್ರೆಗಳ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕಾಗುತ್ತದೆ.

ನಮ್ಮ ಸೀಮೆಯ ಮಟ್ಟಿಗೆ ದೊಡ್ಡ ತೊಡಕು ರಾಗಿ ಮುದ್ದೆಯದು. ಕೊಳಾಲದ ಕಡೆಯ ಮನೆಯೊಂದರಲ್ಲಿ ಹಿರಿಯ ತಾಯಿಯೊಬ್ಬರು ಮಗ ತಂದ ಒಲೆಯನ್ನು ಎರಡೇ ದಿನ ಬಳಸಿ ಬದಿಗಿಟ್ಟಿದ್ದರು. ಕಾರಣ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ಇದರ ಮೇಲೆ ಕೋಲು ಹಾಕಿ ತೊಳಸಿದರೆ ಗಾಜು ಒಡೆದೀತು, ತೊಳಸದಿದ್ದರೆ ಮುದ್ದೆ ಗಂಟಾದೀತು. ಇದು ಅನುಭವದಿಂದ ಬಂದ ಮಾತು. ಮುದ್ದೆ ಮಾಡುವಾಗ ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು, ಮುದ್ದೆಕೋಲಿನಿಂದ ಮೈಯ ಭಾರವನ್ನೆಲ್ಲ ಹಾಕಿ ತಿರುವಬೇಕು. ಆ ಬಲವನ್ನು ತಡೆಯುವಂತೆ ಈ ಗಾಜಿನ ಹಲಗೆಯನ್ನು ಮಾಡಿರುವುದಿಲ್ಲ. ಮುದ್ದೆಯ ಪಾತ್ರೆಯೋ ಬಹುತೇಕ ಮನೆಗಳಲ್ಲಿ ಉರುಟು ತಳದ ಅಲ್ಯೂಮಿನಿಯಮ್ಮಿನದು.

ಇದಕ್ಕೆ ಉಪಾಯವಿಲ್ಲದೆ ಇಲ್ಲ. ದಪ್ಪ ಚಪ್ಪಟೆ ತಳದ ಸ್ಟೀಲ್ ಪಾತ್ರೆಯಲ್ಲಿ ಎಸರು ಕುದಿಸಿ, ಹಿಟ್ಟು ಹಾಕಿ, ಸಣ್ಣ ಕಾವಿನಲ್ಲಿ ಬೇಯಿಸಿ, ಬಳಿಕ ಪಾತ್ರೆಯನ್ನು ನೆಲಕ್ಕಿಳಿಸಿ ತೊಳಸಬಹುದು. ಕೆಳಗಿಳಿಸಿ ತೊಳಸುವ ರೂಢಿ ಅನೇಕ ಮನೆಗಳಲ್ಲಿ ಮೊದಲಿನಿಂದಲೂ ಇದೆ. ರೊಟ್ಟಿಯ ವಿಷಯ ಬೇರೆ. ಹಂಚಿನ ಮೇಲೆ ಬೆಂದ ರೊಟ್ಟಿಯನ್ನು ಕೆಂಡಕ್ಕೋ ಉರಿಗೋ ಹಿಡಿದು ಉಬ್ಬಿಸುವ ಕೆಲಸ ಈ ಒಲೆಯಿಂದ ಆಗದು. ಬದನೆಕಾಯಿ ಸುಡುವುದೂ ಆಗದು.

ಹೃದಯದ ಬಡಿತವನ್ನು ನಿಯಂತ್ರಿಸುವ ಪೇಸ್‌ಮೇಕರ್ ಯಂತ್ರವನ್ನು ಅಳವಡಿಸಿಕೊಂಡವರು ಉರಿಯುತ್ತಿರುವ ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ ಇರಬೇಕೆಂದು ವೈದ್ಯಲೋಕ ಸೂಚಿಸುತ್ತದೆ. ಅಂಥವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ಧರಿಸಿದವರು ಈ ಒಲೆಯ ಮುಂದೆ ನಿಲ್ಲಬಹುದೇ ಎಂದು ಕೇಳುವವರೂ ಇದ್ದಾರೆ. ಬೆಳ್ಳಿಯು ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲ. ಒಲೆಯ ಅಯಸ್ಕಾಂತ ಕ್ಷೇತ್ರವಾದರೋ ಹಲಗೆಯಿಂದ ಕೆಲವೇ ಅಂಗುಲಗಳಾಚೆ ಬಹಳ ಕ್ಷೀಣಿಸುತ್ತದೆ. ನಿಂತು ಅಡುಗೆ ಮಾಡುವವರ ಎದೆಯ ಮೇಲಿನ ಕರಡಿಗೆಗೆ ಅದರಿಂದ ಬಾಧೆಯಿಲ್ಲ. ಕರಡಿಗೆಯನ್ನು ತೆಗೆದಿಟ್ಟು ಅಡುಗೆ ಮಾಡಬೇಕೆಂಬ ಮಾತಿಗೆ ವಿಜ್ಞಾನದಲ್ಲಿಯೂ ಧರ್ಮದಲ್ಲಿಯೂ ಆಧಾರವಿಲ್ಲ.

ತಂತಿಯ ಮಾತು

೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಬಹುಕಾಲದ ಮೇಲೆ ಅದು ಹಳ್ಳಿಗಳಿಗೆ ಬಂದಿತು. ಬಂದಾಗ ದೀಪಕ್ಕೆ ಮತ್ತು ನೀರೆತ್ತುವ ಪಂಪಿಗೆ ಬಂದಿತೇ ಹೊರತು ಒಲೆಗೆಂದು ಬರಲಿಲ್ಲ. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಬಡವರ ಮನೆಗಳಿಗೆ ದೊರೆತದ್ದು ಒಂದು ದೀಪದ ಸಂಪರ್ಕ. ಅಂದು ಎಳೆದ ಸಣ್ಣ ತಂತಿಯೇ ಇಂದಿಗೂ ಉಳಿದಿರುವ ಮನೆಗಳುಂಟು. ಇಂಡಕ್ಷನ್ ಒಲೆಯ ನಿಜವಾದ ಅಪಾಯ ಅಡಗಿರುವುದು ಇಲ್ಲಿ.

೨,೦೦೦ ವ್ಯಾಟಿನ ಒಲೆಯು ೨೩೦ ವೋಲ್ಟಿನಲ್ಲಿ ಸುಮಾರು ೯ ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ದೀಪಕ್ಕೂ ರೇಡಿಯೋಗೂ ಹಾಕಿದ ೫ ಅಥವಾ ೬ ಆಂಪಿಯರಿನ ಸಣ್ಣ ಸಾಕೆಟ್ಟು ಅದನ್ನು ತಾಳಲಾರದು. ಮೊದಲು ಸಾಕೆಟ್ಟು ಬೆಚ್ಚಗಾಗುತ್ತದೆ, ಬಳಿಕ ಕರಕು ವಾಸನೆ ಬರುತ್ತದೆ, ಕಡೆಗೆ ಗೋಡೆಯೊಳಗಿನ ತಂತಿಯೇ ಹೊತ್ತಿಕೊಳ್ಳಬಹುದು. ಉರಿಯಿಲ್ಲದ ಒಲೆಯನ್ನು ತಂದು ಗೋಡೆಯೊಳಗೆ ಉರಿಯನ್ನಿಟ್ಟುಕೊಂಡಂತೆ ಆಗಬಾರದು. ಆದಕಾರಣ ೧೬ ಆಂಪಿಯರಿನ ದೊಡ್ಡ ಸಾಕೆಟ್ಟು, ಅದಕ್ಕೆ ತಕ್ಕ ದಪ್ಪದ ಪ್ರತ್ಯೇಕ ತಂತಿ, ಸರಿಯಾದ ಭೂಸಂಪರ್ಕ, ಹೆಚ್ಚು ವಿದ್ಯುತ್ತು ಹರಿದಾಗಲೂ ಸೋರಿದಾಗಲೂ ತಾನೇ ಕಡಿಯುವ ಸ್ವಿಚ್ಚು, ಈ ನಾಲ್ಕೂ ಇಲ್ಲದ ಮನೆಯಲ್ಲಿ ಈ ಒಲೆಯನ್ನು ಬಳಸಬಾರದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಉಡುಗೊರೆ ತರುವ ಮಕ್ಕಳು ಒಲೆಯೊಂದಿಗೆ ಎಲೆಕ್ಟ್ರಿಷಿಯನ್ನನ್ನೂ ಕರೆತಂದರೆ ಉಡುಗೊರೆ ಪೂರ್ಣವಾಗುತ್ತದೆ.

ಇದು ಒಂದು ಮನೆಯ ಮಾತಾಯಿತು. ಊರಿನ ಮಾತೂ ಇದೆ. ಹಳ್ಳಿಯ ವಿದ್ಯುತ್ ಪರಿವರ್ತಕಗಳು ೨೫, ೬೩, ೧೦೦ ಕೆ.ವಿ.ಎ. ಸಾಮರ್ಥ್ಯದವು. ೬೩ ಕೆ.ವಿ.ಎ. ಪರಿವರ್ತಕದ ಮೇಲೆ ೧,೫೦೦ ವ್ಯಾಟಿನ ನಲವತ್ತು ಒಲೆಗಳು ಸಂಜೆ ಏಳು ಗಂಟೆಗೆ ಏಕಕಾಲದಲ್ಲಿ ಉರಿದರೆ ದೀಪಕ್ಕೂ ಮಿಕ್ಸಿಗೂ ಉಳಿಯುವುದು ಬಹುಮಟ್ಟಿಗೆ ಏನೂ ಇಲ್ಲ. ಆದ್ದರಿಂದ ಊರಿಗೆ ಊರೇ ಈ ಒಲೆಗೆ ತಿರುಗುವ ಮೊದಲು ಪರಿವರ್ತಕವೂ ಬಲಗೊಳ್ಳಬೇಕು. ಮನೆಯ ವಿದ್ಯುತ್ ಹೊರೆ ಹೆಚ್ಚಿದ್ದನ್ನು ಬೆಸ್ಕಾಂ ಕಚೇರಿಗೆ ತಿಳಿಸುವುದು ಪ್ರತಿಯೊಬ್ಬ ಗ್ರಾಹಕನ ಕರ್ತವ್ಯ. ತಿಳಿಸದೆ ಬಳಸಿದವನ ಹೊರೆಯನ್ನು ನೆರೆಮನೆಯ ಮಂಕುದೀಪ ಹೊರುತ್ತದೆ.

ಖರ್ಚಿನ ಲೆಕ್ಕ

ಖರ್ಚು ಉಳಿಯುವುದೇ ಎಂಬ ಪ್ರಶ್ನೆಗೆ ಎಲ್ಲ ಮನೆಗೂ ಒಂದೇ ಉತ್ತರವಿಲ್ಲ. ಆದರೆ ಲೆಕ್ಕ ಹಾಕುವ ಬಗೆ ಸುಲಭ. ೧೪.೨ ಕಿಲೋ ತೂಕದ ಒಂದು ಅಡುಗೆ ಅನಿಲದ ಸಿಲಿಂಡರು ಮಾಡುವ ಅಡುಗೆಯನ್ನು ಇಂಡಕ್ಷನ್ ಒಲೆಯಲ್ಲಿ ಮಾಡಲು ಸುಮಾರು ೧೪೦ ಯೂನಿಟ್ ವಿದ್ಯುತ್ತು ಬೇಕು. ತಮ್ಮ ಬಿಲ್ಲಿನಲ್ಲಿ ಒಂದು ಯೂನಿಟ್ಟಿಗೆ ತೆರಿಗೆ ಸೇರಿ ಎಷ್ಟು ಬೀಳುತ್ತದೆಯೋ ಅದನ್ನು ೧೪೦ರಿಂದ ಗುಣಿಸಿ, ಬಂದ ಮೊತ್ತವನ್ನು ಸಿಲಿಂಡರಿನ ಬೆಲೆಯೊಂದಿಗೆ ಹೋಲಿಸಬೇಕು. ಯೂನಿಟ್ಟಿಗೆ ಆರು ರೂಪಾಯಿ ಬಿದ್ದರೆ ಮೊತ್ತ ೮೪೦ ರೂಪಾಯಿ. ಸಿಲಿಂಡರಿನ ಬೆಲೆ ಅದಕ್ಕಿಂತ ಹೆಚ್ಚಿದ್ದರೆ ವಿದ್ಯುತ್ತು ಅಗ್ಗ, ಕಡಿಮೆಯಿದ್ದರೆ ಅನಿಲ ಅಗ್ಗ. ಉಜ್ವಲಾ ಯೋಜನೆಯ ಸಹಾಯಧನ ಪಡೆಯುವ ಮನೆಗಳು ಆ ಮೊತ್ತವನ್ನು ಕಳೆದು ಲೆಕ್ಕ ಹಾಕಬೇಕು.

ಇಲ್ಲಿ ಗೃಹಜ್ಯೋತಿ ಯೋಜನೆಯ ವಿಷಯವನ್ನು ಗೃಹಿಣಿಯರು ಗಮನಿಸಬೇಕು. ೨೦೨೩ರ ಆಗಸ್ಟಿನಲ್ಲಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಉಚಿತವೆಂಬ ಮಾತು ಎಲ್ಲರ ಬಾಯಲ್ಲಿದೆ. ಹಾಗೆಂದು ಯಾವ ಮನೆಗೂ ೨೦೦ ಯೂನಿಟ್ ಪೂರ್ತಿ ಉಚಿತವೆಂದು ತಿಳಿಯಬಾರದು. ಆ ಮನೆಯು ೨೦೨೨-೨೩ರಲ್ಲಿ ಬಳಸಿದ ತಿಂಗಳ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು, ಇಷ್ಟೇ ಅದರ ಉಚಿತ ಪಾಲು ಎಂಬುದು ಯೋಜನೆಯ ಮೂಲ ನಿಯಮ. ಸರಾಸರಿ ೬೦ ಯೂನಿಟ್ ಬಳಸುತ್ತಿದ್ದ ಮನೆಗೆ ಉಚಿತವಾದದ್ದು ೬೬ ಯೂನಿಟ್. ಆ ಮನೆಯಲ್ಲಿ ಇಂಡಕ್ಷನ್ ಒಲೆ ದಿನಕ್ಕೆ ಒಂದೂವರೆ ಯೂನಿಟ್ ಉಂಡರೆ ತಿಂಗಳಿಗೆ ೪೫ ಯೂನಿಟ್ ಸೇರಿ ಬಳಕೆ ೧೦೫ ಆಗುತ್ತದೆ; ೩೯ ಯೂನಿಟ್ಟಿಗೆ ಹಣ ತೆರಬೇಕಾಗುತ್ತದೆ. ಬಳಕೆ ೨೦೦ ಮೀರಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ವಿದ್ಯುತ್ತು ಹೇಗೂ ಉಚಿತ, ಒಲೆ ತಂದರೆ ಗ್ಯಾಸಿನ ಹಣವೆಲ್ಲ ಉಳಿಯಿತು ಎಂದು ಭಾವಿಸಿದ ಮನೆಗಳಿಗೆ ತಿಂಗಳ ಕೊನೆಯಲ್ಲಿ ಅಚ್ಚರಿ ಕಾದಿರುತ್ತದೆ.

ಸೌದೆಯೊಂದಿಗೆ ಹೋಲಿಸಿದರೆ ಲೆಕ್ಕ ಮತ್ತೂ ಬೇರೆ. ತೆಂಗಿನ ಸೋಗೆ, ಮಟ್ಟೆ, ಕರಟ, ತೊಗರಿ ಕಡ್ಡಿ, ಹೊಲದ ಬದುವಿನ ಜಾಲಿ, ಇವು ನಮ್ಮ ರೈತನ ಮನೆಗೆ ಹಣವಿಲ್ಲದೆ ದೊರೆಯುತ್ತವೆ. ಆಯ್ದು ಹೊತ್ತು ತರುವ ಹೆಣ್ಣುಮಕ್ಕಳ ಬೆವರನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸೌದೆಯಷ್ಟು ಅಗ್ಗವಾದದ್ದು ಬೇರೊಂದಿಲ್ಲ. ಸೌದೆಯ ಒಲೆ ಇನ್ನೂ ಆರದಿರುವುದಕ್ಕೆ ಕಾರಣ ಈ ಲೆಕ್ಕವೇ.

ಲಿಂಗಾರ್ಪಣೆಗೆ ಸಲ್ಲುವುದೇ?

ಅಗ್ನಿಯ ಸ್ಪರ್ಶವಿಲ್ಲದೆ ಬೆಂದ ಅನ್ನ ನೈವೇದ್ಯಕ್ಕೆ ಯೋಗ್ಯವಲ್ಲವೆಂದು ಕೆಲವು ಹಿರಿಯರು ಸಂಕೋಚಪಡುತ್ತಾರೆ. ಅವರ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ನಮ್ಮ ಧರ್ಮದ ದಾರಿ ಬೇರೆಯಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಯಜ್ಞಕುಂಡದ ಅಗ್ನಿಯನ್ನು ಧರ್ಮದ ಕೇಂದ್ರದಿಂದ ಸರಿಸಿ ಆ ಸ್ಥಾನದಲ್ಲಿ ಇಷ್ಟಲಿಂಗವನ್ನಿರಿಸಿದರು. ಅಷ್ಟಾವರಣಗಳಲ್ಲಿ ಪ್ರಸಾದಕ್ಕೆ ಸ್ಥಾನವಿದೆ, ಅಗ್ನಿಗೆ ಇಲ್ಲ. ಪದಾರ್ಥವು ಪ್ರಸಾದವಾಗುವುದು ಅರ್ಪಣೆಯ ಭಾವದಿಂದ. ಅದು ಯಾವ ಕಾವಿನಲ್ಲಿ ಬೆಂದಿತೆಂಬುದರಿಂದಲ್ಲ.

ಹಾಗಾದರೆ ಶರಣರು ಏನನ್ನು ಕೇಳುತ್ತಿದ್ದರು? ಪದಾರ್ಥವು ಎಲ್ಲಿಂದ, ಹೇಗೆ ಬಂದಿತೆಂದು ಕೇಳುತ್ತಿದ್ದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ, ಹಿಂದಕ್ಕೆ ಕಳುಹಿದರು. ಕಾಶ್ಮೀರದ ಅರಸನಾಗಿದ್ದು ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬಂದ ಮೋಳಿಗೆ ಮಾರಯ್ಯನವರು ಕಾಡಿನಿಂದ ಸೌದೆಯ ಹೊರೆ ತಂದು ಮಾರಿ, ಅದರಿಂದ ಬಂದುದರಲ್ಲಿ ದಾಸೋಹ ನಡೆಸಿದರು. ಉರುವಲೇ ಅವರ ಕಾಯಕವಾಗಿತ್ತು. ಉರುವಲು ಸತ್ಯಶುದ್ಧವಾಗಿ ಬಂದಿರಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ?

ಈ ಅಳತೆಗೋಲನ್ನು ಹಿಡಿದರೆ ಪ್ರಶ್ನೆಯೇ ಬದಲಾಗುತ್ತದೆ. ಕಂಬದ ತಂತಿಗೆ ಕೊಕ್ಕೆ ಹಾಕಿ ಕದ್ದು ತಂದ ವಿದ್ಯುತ್ತಿನಲ್ಲಿ ಬೆಂದ ಅನ್ನವು ಲಿಂಗಾರ್ಪಣೆಗೆ ಸಲ್ಲುವುದೇ? ಅನ್ಯರ ತೋಪಿನ ಹಸಿ ಮರ ಕಡಿದು ತಂದ ಸೌದೆಯಲ್ಲಿ ಬೆಂದದ್ದು ಸಲ್ಲುವುದೇ? ಅಗ್ನಿಯ ಸ್ಪರ್ಶವಿದ್ದರೂ ಅದು ಸಲ್ಲದು. ಬಿಲ್ಲು ಕಟ್ಟಿ, ನಿಯಮ ಮೀರದೆ, ಬೇಕಾದಷ್ಟನ್ನೇ ಬಳಸಿ ಬೇಯಿಸಿದ ಅನ್ನವು ಇಂಡಕ್ಷನ್ ಒಲೆಯದಾದರೂ ನಿಸ್ಸಂದೇಹವಾಗಿ ಸಲ್ಲುತ್ತದೆ.

ಈ ವಿದ್ಯುತ್ತು ಎಲ್ಲಿಂದ ಬರುತ್ತದೆಂದು ಯೋಚಿಸುವುದೂ ಅದೇ ಅಳತೆಗೋಲಿನ ಇನ್ನೊಂದು ಬಳಕೆ. ನಮ್ಮ ನೆರೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಲಿನ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆಯಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಭೂಮಿಯ ಮೇಲೆ ೨,೦೫೦ ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನವಿದೆ. ೨೦೧೮ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ೨೦೧೯ರ ಕೊನೆಗೆ ಅದು ಪೂರ್ಣಗೊಂಡಿತು. ಬರದ ಸೀಮೆಯ ಬಿಸಿಲೇ ಬೆಳೆಯಾಯಿತು. ಆದರೆ ಸೂರ್ಯ ಮುಳುಗಿದ ಮೇಲೆ ರಾತ್ರಿಯ ಅಡುಗೆಗೆ ಬರುವ ವಿದ್ಯುತ್ತಿನಲ್ಲಿ ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲಿನ ಸ್ಥಾವರಗಳ ಪಾಲೂ ಇರುತ್ತದೆ. ನಮ್ಮ ಅಡುಗೆಮನೆಯಲ್ಲಿ ಕಾಣದ ಹೊಗೆ ಬೇರೆಯವರ ಊರಿನ ಆಕಾಶದಲ್ಲಿ ಕಾಣಬಹುದು. ಹೀಗಾಗಿ ಹಗಲಿನ ಅಡುಗೆಗೆ ಈ ಒಲೆ ಹೆಚ್ಚು ಶೋಭಿಸುತ್ತದೆ.

ಯಾರ ಹೊಗೆ ಆರಿತು?

ಒಲೆಯ ಸುಧಾರಣೆ ನಮ್ಮ ಜಿಲ್ಲೆಗೆ ಹೊಸದಲ್ಲ. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳುತನದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಅದರ ಗ್ರಾಮೀಣ ಕೇಂದ್ರವಿದ್ದುದು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಸುತ್ತಲಿನ ಹಳ್ಳಿಗಳನ್ನು ಪರಿಶೀಲಿಸಿದಾಗ ಹಳ್ಳಿಯ ಇಂಧನದಲ್ಲಿ ಬಹುಪಾಲು ಅಡುಗೆಯ ಸೌದೆಯೇ ಎಂಬುದು ಕಂಡುಬಂದಿತು. ಮೂರು ಪಾತ್ರೆಗಳನ್ನು ಏಕಕಾಲಕ್ಕೆ ಇಡಬಹುದಾದ, ಹೊಗೆಯನ್ನು ಕೊಳವೆಯಿಂದ ಹೊರಗಟ್ಟುವ, ಸೌದೆಯನ್ನು ಉಳಿಸುವ ಅಸ್ತ್ರ ಒಲೆ ಆ ಕೆಲಸದ ಫಲ. ನಾಡಿನ ಎಷ್ಟೋ ಮನೆಗಳಲ್ಲಿ ಅದು ತಾಯಂದಿರ ಕಣ್ಣೀರನ್ನು ಕಡಿಮೆ ಮಾಡಿತು.

ಅದೇ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯಲ್ಲಿ ಸಗಣಿಯಿಂದ ಅನಿಲ ತಯಾರಿಸಿ ಎಲ್ಲರ ಅಡುಗೆಗೂ ಒದಗಿಸುವ ಪ್ರಯತ್ನ ನಡೆಯಿತು. ಊರಿನ ದನಗಳ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಆಗ ಆ ಅನಿಲವನ್ನೇ ವಿದ್ಯುತ್ತಾಗಿಸಿ ೧೯೮೭ರಿಂದ ಕುಡಿಯುವ ನೀರಿಗೂ ದೀಪಕ್ಕೂ ಬಳಸಲಾಯಿತು. ಒಲೆಯನ್ನು ಬದಲಾಯಿಸುವವರು ಮೊದಲು ಇಂಧನ ಸಾಕಾಗುವುದೇ ಎಂದು ನೋಡಬೇಕೆಂಬ ಪಾಠವನ್ನು ಪುರ ಕಲಿಸಿತು.

ಇಂಡಕ್ಷನ್ ಒಲೆಯ ಪಾಠ ಹಿಮಾಚಲ ಪ್ರದೇಶದಿಂದ ಬಂದಿದೆ. ವಿದ್ಯುತ್ತು ಹಳ್ಳಿಹಳ್ಳಿಗೂ ತಲುಪಿರುವ ಆ ರಾಜ್ಯದಲ್ಲಿ ಸುಮಾರು ೪,೦೦೦ ಗ್ರಾಮೀಣ ಕುಟುಂಬಗಳಿಗೆ ಈ ಒಲೆಗಳನ್ನು ತಲುಪಿಸಿ ಬಳಕೆಯನ್ನು ಪರಿಶೀಲಿಸಲಾಯಿತು. ೨೦೧೬ರಲ್ಲಿ ಪ್ರಕಟವಾದ ಅದರ ಫಲಿತಾಂಶ ಚಿಂತನಾರ್ಹವಾದದ್ದು. ಹೊಸ ಒಲೆ ಹೆಚ್ಚಾಗಿ ಗ್ಯಾಸ್ ಒಲೆಯ ಕೆಲಸವನ್ನು ಹಂಚಿಕೊಂಡಿತು. ಮಣ್ಣಿನ ಸೌದೆ ಒಲೆಯನ್ನು ಅಷ್ಟಾಗಿ ಕದಲಿಸಲಿಲ್ಲ. ಹೊಗೆಯಿಲ್ಲದ ಮನೆಗೆ ಮತ್ತೊಂದು ಹೊಗೆಯಿಲ್ಲದ ಒಲೆ ಬಂದಿತು. ಹೊಗೆಯಿದ್ದಲ್ಲಿ ಹೊಗೆ ಉಳಿಯಿತು.

ನಮ್ಮ ಸೀಮೆಯಲ್ಲಿಯೂ ಹಾಗೆಯೇ ಆಗುತ್ತಿದೆಯೆಂಬುದು ನಮ್ಮ ಅಳಲು. ಮಕ್ಕಳು ಬಂದ ದಿನ ಕಟ್ಟೆಯ ಮೇಲೆ ಚಹಾ ಕುದಿಯುವುದು ಹೊಸ ಒಲೆಯಲ್ಲಿ. ಅದೇ ಹೊತ್ತಿನಲ್ಲಿ ಹಿತ್ತಲಲ್ಲಿ ಮುದ್ದೆಯ ಎಸರಿಗೂ ಸ್ನಾನದ ಹಂಡೆಗೂ ಉರಿ ಹಾಕುತ್ತ ಕುಳಿತಿರುವವರು ಅದೇ ಮನೆಯ ಅಜ್ಜಿ ಅಥವಾ ಸೊಸೆ. ಕೊಟ್ಟವರಿಗೂ ಸಂತೋಷ, ಕುಡಿದವರಿಗೂ ಸಂತೋಷ. ಹೊಗೆ ಕುಡಿಯುವವರ ಪಾಲಿಗೆ ಏನೂ ಬದಲಾಗಲಿಲ್ಲ.

ನಮ್ಮ ಸಲಹೆ

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ಅರಿಕೆ ಹೀಗಿದೆ. ತಂತಿ, ಸಾಕೆಟ್ಟು, ಪಾತ್ರೆಗಳು ಸರಿಯಿರುವ ಮನೆಯಲ್ಲಿ ಇಂಡಕ್ಷನ್ ಒಲೆ ಎರಡನೆಯ ಒಲೆಯಾಗಿರಲು ಯೋಗ್ಯವಾದದ್ದು. ಅನ್ನ, ಸಾರು, ಹಾಲು, ಬಿಸಿನೀರುಗಳಿಗೆ ಅದು ಉತ್ತಮ. ಮನೆಯ ಏಕೈಕ ಒಲೆಯಾಗಲು ನಮ್ಮ ಹಳ್ಳಿಗಳಲ್ಲಿ ಅದಕ್ಕಿನ್ನೂ ಕಾಲ ಬಂದಿಲ್ಲ. ಮಳೆಗಾಳಿಗೆ ಕಂಬ ಬಿದ್ದ ರಾತ್ರಿ ಬಾಗಿಲಿಗೆ ಬಂದ ಜಂಗಮನಿಗೆ, ದಾರಿಹೋಕನಿಗೆ, ಕರೆಂಟು ಬಂದ ಮೇಲೆ ಬನ್ನಿ ಎಂದು ಹೇಳುವ ಮನೆ ನಮ್ಮದಾಗಬಾರದು. ಅದಕ್ಕಾಗಿ ಗ್ಯಾಸ್ ಒಲೆಯೋ ಹೊಗೆಕೊಳವೆಯುಳ್ಳ ಸೌದೆ ಒಲೆಯೋ ಜೊತೆಗಿರಲೇಬೇಕು. ಸಾವಿರಾರು ಮಕ್ಕಳು ನಿತ್ಯ ಉಣ್ಣುವ ಸಿದ್ಧಗಂಗೆಯಂಥ ಕ್ಷೇತ್ರಗಳ ಮಹಾದಾಸೋಹಕ್ಕೆ ಈ ಪುಟ್ಟ ಒಲೆ ಸಾಟಿಯಾಗದು. ಅಟವೀ ಸ್ವಾಮಿಗಳು ಹೊತ್ತಿಸಿದ ಒಲೆ ಅಲ್ಲಿ ಆರಿಯೇ ಇಲ್ಲವೆಂಬ ಮಾತು ಜನರ ನಾಲಿಗೆಯ ಮೇಲಿದೆ. ಗೃಹಸ್ಥನ ಮನೆಯ ದಾಸೋಹವೂ ತನ್ನ ಮಟ್ಟಿಗೆ ಹಾಗೆ ಆರದೆ ಇರಬೇಕು.

ಬಳಸುವವರು ಕೆಲವು ಎಚ್ಚರಗಳನ್ನು ಪಾಲಿಸಲಿ. ಒಲೆಯ ಹಿಂದೆಯೂ ಬದಿಗಳಲ್ಲಿಯೂ ಗಾಳಿಯಾಡಲು ನಾಲ್ಕು ಬೆರಳಿಗಿಂತ ಹೆಚ್ಚು ಜಾಗವಿರಲಿ. ಗಾಜಿನ ಮೇಲೆ ಕಾಗದ ಬ್ಯಾಗುಗಳನ್ನು ಹಾಸದಿರಿ. ಬಿರುಕು ಬಿಟ್ಟ ಗಾಜಿನ ಒಲೆಯನ್ನು ಒಂದು ದಿನವೂ ಬಳಸದಿರಿ; ಅದರೊಳಗೆ ಇಳಿದ ಸಾರು ಪ್ರಾಣಕ್ಕೆ ಎರವಾದೀತು. ಪಾತ್ರೆ ಇಳಿಸಿದ ಮೇಲೂ ಗಾಜು ಸ್ವಲ್ಪ ಹೊತ್ತು ಬಿಸಿಯಿರುತ್ತದೆ. ಉರಿ ಕಾಣದ್ದರಿಂದ ಮಕ್ಕಳು ಕೈಯಿಟ್ಟಾರು. ಒಳಗಿನ ಬಿಸಣಿಗೆಯ ಕಿಂಡಿಗಳಲ್ಲಿ ಜಿರಲೆ ಸೇರದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಬಿಸಣಿಗೆ ನಿಲ್ಲುವವರೆಗೆ ಕಾದು ಗೋಡೆಯ ಸ್ವಿಚ್ಚನ್ನೇ ಆರಿಸಿ.

ಇನ್ನು ಕೊಡುಗೆ ಕೊಡುವ ಮಕ್ಕಳಿಗೆ ಒಂದು ಮಾತು. ಹಬ್ಬಕ್ಕೆ ಬಂದಾಗ ಒಂದು ದಿನ ಮುಂಚಿತವಾಗಿ ಬಂದು, ತಾಯಿಯ ಹಿಂದೆ ಹಿತ್ತಲಿಗೆ ಹೋಗಿ, ಬೆಳಗಿನಿಂದ ರಾತ್ರಿಯವರೆಗೆ ಯಾವ ಒಲೆಯ ಮುಂದೆ ಅವರು ಎಷ್ಟು ಹೊತ್ತು ಕುಳಿತಿರುತ್ತಾರೆಂದು ನೋಡಿರಿ. ಎಲ್ಲಿ ಅವರು ಹೆಚ್ಚು ಕೆಮ್ಮುತ್ತಾರೋ ಅಲ್ಲಿಂದ ಆರಂಭಿಸಿರಿ. ಅಲ್ಲಿಗೆ ಬೇಕಾದದ್ದು ಹೊಗೆಕೊಳವೆಯಾಗಿರಬಹುದು, ನೀರು ಕಾಯಿಸುವ ಸೌರ ಹಂಡೆಯಾಗಿರಬಹುದು, ದಪ್ಪ ತಳದ ಪಾತ್ರೆಯೊಡನೆ ಇಂಡಕ್ಷನ್ ಒಲೆಯೇ ಆಗಿರಬಹುದು. ತಾಯಿಯ ಶ್ವಾಸವನ್ನು ಹಗುರ ಮಾಡಿದ ಒಲೆಯೇ ಒಳ್ಳೆಯ ಒಲೆ. ಅಂಥ ಒಲೆಯಲ್ಲಿ ಬೆಂದ ತುತ್ತು ಯಾವ ಸಂಕೋಚವೂ ಇಲ್ಲದೆ ಲಿಂಗಾರ್ಪಿತವಾಗುತ್ತದೆ.